ಮುಂಗರೆಗೆ ತಿಳಿಯದ ದಮ್ಮು

ಬೀಡಿ ಸೇದಬೇಕೆಂದು ನಿಮಗೆ ಅನ್ನಿಸುವುದಕ್ಕೆ ತುಸು ಮೊದಲೇ ನಿಮ್ಮ ಫೋನು ರಿಂಗಾದರೆ? ಕೈ ಇನ್ನೂ ಜೇಬಿನ ಕಡೆ ಹೊರಟಿಲ್ಲ, ಬೆಂಕಿಪೊಟ್ಟಣದ ನೆನಪೂ ಬಂದಿಲ್ಲ, ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಹೆಣ್ಣುಮಗಳು, "ಏನ್ರಿ ಕಾಕಾ, ಊಟ ಆತೇನು? ಏನ್ ಪಲ್ಯ ಮಾಡಿದ್ರು ಇವತ್ತ?" ಎಂದು ಕೇಳುತ್ತಾಳೆ. ನೀವು ಎಣ್ಣೆಗಾಯಿಯ ವರ್ಣನೆ ಮುಗಿಸುವಷ್ಟರಲ್ಲಿ, ಬರಬೇಕಾಗಿದ್ದ ಆಸೆ ಬಂದು, ಹೊಸ್ತಿಲಲ್ಲಿ ನಿಂತು, ಯಾರೂ ಮಾತಾಡಿಸದ್ದರಿಂದ ಹಾಗೇ ಹೊರಟುಹೋಗಿರುತ್ತದೆ. ಎಂಥ ಮಜಾ ನೋಡಿ! ಆಸೆಗೂ ಮುಂಚೆ ಬರುವ ಈ ಕರೆಗೆ ಮುಂಗರೆ ಎಂದು ಹೆಸರು; ಹುಬ್ಬಳ್ಳಿಯ ಮುಂಗರೆ ಕೇಂದ್ರದಲ್ಲಿ ದಿನವೂ ನಡೆಯುತ್ತಿದ್ದದ್ದು ಇದೇ.

ಈ ಯಂತ್ರವನ್ನು ಕಟ್ಟಿದವರು ಡಾ. ಫಿರ್ದೋಸ್ ನದಾಫ್. ಆಸೆ ಮನಸ್ಸಿಗೆ ತಿಳಿಯುವ ಮೊದಲು ಮೈಗೆ ತಿಳಿಯುತ್ತದೆ ಎನ್ನುವುದು ಅವರು ಕಂಡುಕೊಂಡ ಸಂಗತಿ. ಉಸಿರು ಗಿಡ್ಡವಾಗುತ್ತದೆ, ನಾಡಿ ತುಸು ಅವಸರ ಮಾಡುತ್ತದೆ, ಗಂಟಲು ಸುಮ್ಮಸುಮ್ಮನೆ ಉಗುಳು ನುಂಗುತ್ತದೆ. ಇಷ್ಟನ್ನೂ ಹಿಡಿಯಲು ಹುಣಸೆಬೀಜದಷ್ಟು ಒಂದು ಗುಂಡಿ. ಅದನ್ನು ಗಂಟಲಗುಳಿಯ ಕೆಳಗೆ ಅಂಟಿಸುತ್ತಾರೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಶ್ವಾಸಸೂಚಿ. ಜನ ಕರೆದದ್ದು ತಾಯತ ಎಂದು.

ತಾಯತ ಕಳಿಸಿದ ಸುದ್ದಿ ಕೇಂದ್ರದ ಗೋಡೆಯಗಲದ ಪರದೆಯ ಮೇಲೆ ಗೆರೆಯಾಗಿ ಓಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಗೆರೆ. ಆಸೆ ಏಳತೊಡಗಿದರೆ ಗೆರೆ ಅಲೆಯಾಗಿ ಮೇಲೇರಿ ಹಳದಿಯಾಗುತ್ತದೆ; ಕೂಡಲೇ ಸಲಹೆಗಾರರ ಫೋನು ತಾನಾಗಿ ಆ ಮನುಷ್ಯನಿಗೆ ಹೋಗುತ್ತದೆ. ಮಾತಾಡಿ ಅಲೆ ಇಳಿಸಬೇಕು. ಇಳಿಯದಿದ್ದರೆ ಕೆಂಪು. ಅವನು ಸೇದಿಯೇಬಿಟ್ಟರೆ, ಕೆನ್ನೆಯ ಎಳೆತದಿಂದ, ಉದ್ದ ಉಸಿರಿನಿಂದ ಅದೂ ತಾಯತಕ್ಕೆ ಗೊತ್ತಾಗಿ ಗೆರೆಯ ಮೇಲೆ ಕಪ್ಪು ಮಚ್ಚೆ ಬೀಳುತ್ತದೆ. ಅದಕ್ಕೆ ಬೂದಿ ಎನ್ನುತ್ತಿದ್ದರು. ಮೂರು ಬೂದಿ ಬಿದ್ದರೆ ತಾಯತ ತಾನೇ ಆರಿಹೋಗುತ್ತದೆ, ಸರದಿಯಲ್ಲಿರುವ ಮುಂದಿನವರ ಪಾಲಾಗುತ್ತದೆ. ತಾಯತ ಕಡಿಮೆ, ಬೇಡುವವರು ಊರು ತುಂಬ. ವಶೀಲಿಗೆ ಜಾಗವಿರಬಾರದೆಂದು ಫಿರ್ದೋಸ್ ಮೇಡಮ್ ಆ ನಿಯಮವನ್ನು ಯಾರೂ, ತಾವು ಕೂಡ, ತಡೆಯಲಾಗದಂತೆ ಯಂತ್ರದೊಳಗೇ ಕೂರಿಸಿದ್ದರು.

ಊರು ಎಷ್ಟು ಬೇಗ ಇದಕ್ಕೆ ಹೊಂದಿಕೊಂಡಿತು! ಚಹಾದ ಅಂಗಡಿಯಲ್ಲಿ ಯಾರ ಫೋನು ರಿಂಗಾದರೂ ಇಡೀ ಅಂಗಡಿ "ಬಂತು ಬಂತು, ಎತ್ತೋ!" ಎಂದು ಕೂಗುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರಿಗೆ ಮುಂಗರೆ ಬಂದರೆ ಚಿಲ್ಲರೆಗಾಗಿ ಜಗಳ ತೆಗೆದವರೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕನ್ಯೆ ನೋಡಲು ಹೋದ ವರನೊಬ್ಬನಿಗೆ ಅವಲಕ್ಕಿ ತಟ್ಟೆ ಕೈಯಲ್ಲಿರುವಾಗಲೇ ಫೋನು ಬಂದು, ಹುಡುಗಿಯ ಸೋದರಮಾವ ಅದನ್ನು ಕಸಿದುಕೊಂಡು, "ಇಂವ ಖರೇನ ಬಿಡಾಕ ಹತ್ಯಾನೇನ್ರಿ?" ಎಂದು ಸಲಹೆಗಾರ್ತಿಯನ್ನೇ ವಿಚಾರಿಸಿದನಂತೆ. ಉತ್ತರ ಚೆನ್ನಾಗಿ ಬಂದಿರಬೇಕು, ಆ ಸಂಬಂಧ ಕುದುರಿತು.

ಕಸ್ತೂರಿ ಅಂಗಡಿ ಎಂಬ ಸಲಹೆಗಾರ್ತಿ ಈ ಕೇಂದ್ರದ ಮಾತಿನಮಲ್ಲಿ. ಹಳದಿ ಗೆರೆಯನ್ನು ಹರಟೆಯಿಂದಲೇ ಕೆಳಗಿಳಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳಲ್ಲಿದ್ದದ್ದು ಒಂದೇ ಐಬು: ಅರ್ಧ ಕೇಳುವಷ್ಟರಲ್ಲಿ ಅವಳಿಗೆ ಪೂರ್ತಿ ತಿಳಿದುಬಿಡುತ್ತಿತ್ತು.

ಅವಳ ಪಾಲಿಗೆ ಹೊಸದಾಗಿ ಬಂದವನು ಹಳೇ ಹುಬ್ಬಳ್ಳಿಯ ಫಕೀರಪ್ಪ ಭಜಂತ್ರಿ. ಉದ್ಯೋಗವೇನೆಂದು ಕೇಳಿದ್ದಕ್ಕೆ "ಮದುವಿ ಕೆಲ್ಸ" ಎಂದಿದ್ದ. ಅಡಿಗೆಯವನಿರಬೇಕು ಎಂದು ಕಸ್ತೂರಿ ಅಷ್ಟರಲ್ಲೇ ತಿಳಿದುಕೊಂಡಳು. ತಾಯತ ಅಂಟಿಸಿದ ಮರುದಿನವೇ, ಇನ್ನೂ ಬೆಳಕು ಹರಿಯುವ ಹೊತ್ತಿಗೆ, ಅವನ ಗೆರೆಯ ಮೇಲೆ ಬೂದಿ ಬಿತ್ತು. ಅದರ ಮರುದಿನ ಅದೇ ಹೊತ್ತಿಗೆ ಇನ್ನೊಂದು. ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು.

"ಕಾಕಾ, ಮುಂಜಾನೆದ್ದು ಸೇದೀರಿ ಅಲ್ಲ?"

"ಬೀಡೀನ? ಮುಟ್ಟಿಲ್ರಿ ಬಾಯಾರ. ಹುಲಿಗೆಮ್ಮ ದೇವಿ ಆಣಿ."

"ಸುಳ್ಳ ಹೇಳಬ್ಯಾಡ್ರಿ. ಇಲ್ಲಿ ಗ್ವಾಡಿ ಮ್ಯಾಲ ಎಲ್ಲಾ ಕಾಣ್ತದ. ಎದ್ದಕೂಡ್ಲೆ ಏನ್ ಮಾಡಿದ್ರಿ, ಅದನ್ನ ಹೇಳ್ರಿ."

"ಎದ್ದಕೂಡ್ಲೆ? ಮಾರಿ ತೊಳ್ಕೊಂಡು, ಕೊಳವಿ ತೊಗೊಂಡು ದಮ್ಮು ಮಾಡಿದೆ."

ದಮ್ಮು, ಕೊಳವಿ ಎಂದರೆ ಚಿಲುಮೆಯೇ ಎಂದು ಕಸ್ತೂರಿ ತಿಳಿದುಕೊಂಡಳು. ಬೀಡಿ ಬಿಟ್ಟು ಚಿಲುಮೆ ಹಿಡಿದವನು ಇಷ್ಟು ರಾಜಾರೋಷವಾಗಿ ಒಪ್ಪಿಕೊಂಡದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ.

"ದಿನಾ ಮಾಡ್ತೀರೇನು ಇದನ್ನ?"

"ತಪ್ಪಿಸಂಗಿಲ್ರಿ. ನಮ್ಮಪ್ಪ ಕಲಿಸಿದ್ದು, ಅವರಪ್ಪ ಅವ್ರಿಗೆ ಕಲಿಸಿದ್ದು. ನಮ್ದು ದಮ್ಮಿನ ಮನಿತನಾನ ಅಂತ ತಿಳ್ಕೋರಿ." ಅವನ ದನಿಯಲ್ಲಿ ಜಂಬ ತುಳುಕುತ್ತಿತ್ತು. "ಗದಗ, ರೋಣ, ನರಗುಂದ ಎಲ್ಲಿ ಬೇಕಾದ್ರೂ ಕೇಳ್ರಿ, ಫಕೀರಪ್ಪನ ದಮ್ಮು ಅಂದ್ರ ಮಂದಿ ಕೈ ಮುಗೀತಾರ."

"ಮನ್ಯಾಗ ಮಕ್ಕಳ ಮುಂದನ?"

"ಮಕ್ಕಳಿಗೂ ಕಲಸೀನಲ್ರಿ! ಸಣ್ಣಾವ ಭಾಳ ಚೊಲೋ ಮಾಡ್ತಾನ."

"ಕಾಕಾ!" ಕಸ್ತೂರಿ ಕೂಗಿದ ಏಟಿಗೆ ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. "ಇವತ್ತಿಂದ ಅದು ಬಂದ್. ಆ ದಮ್ಮೂ ಬ್ಯಾಡ, ಆ ಕೊಳವೀನೂ ಮನ್ಯಾಗ ಇರಬಾರ್ದು. ಇನ್ನೊಂದ ಸಲ ಮಾಡಿದ್ರ ನಿಮ್ಮ ತಾಯತ ಬ್ಯಾರೆಯವ್ರಿಗೆ ಹೋಗ್ತದ, ತಿಳೀತಿಲ್ಲ?"

"ಪೂರ್ತಿ ಬಿಡಬೇಕ್ರಿ?" ಎಂದು ಫಕೀರಪ್ಪ ಸಣ್ಣ ದನಿಯಲ್ಲಿ ಕೇಳಿದ.

"ಪೂರ್ತಿ."

ಈಗ ಫಕೀರಪ್ಪನ ಮನೆಗೆ ಹೋಗೋಣ, ಇಲ್ಲವಾದರೆ ನೀವೂ ಕಸ್ತೂರಿಯ ಪಕ್ಷ ಸೇರಿಬಿಡುತ್ತೀರಿ. ಫಕೀರಪ್ಪ ಶಹನಾಯಿ ನುಡಿಸುವವನು. ಅವರ ಮನೆಯಲ್ಲಿ ಬೀಡಿಗೆ ಬೀಡಿ ಎಂದೇ ಹೆಸರು. ದಮ್ಮು ಎಂದರೆ ಉಸಿರಿನ ಸಾಧನೆ. ಆ ಪವಿತ್ರ ಶಬ್ದವನ್ನು ಬೀಡಿಗೆ ಬಳಸುವುದನ್ನು ಅವರ ಮನೆಯ ಕೂಸೂ ಸಹಿಸುವುದಿಲ್ಲ. ಬೆಳಗ್ಗೆ ಎದ್ದು ಪಪ್ಪಾಯಿ ಎಲೆಯ ಪೊಳ್ಳು ದಂಟನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಊದುತ್ತಾರೆ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಲೇ ಮೂಗಿನಿಂದ ಹೊಸ ಗಾಳಿ ಎಳೆದುಕೊಳ್ಳಬೇಕು. ನೀರಿನ ಗುಳ್ಳೆ ಒಮ್ಮೆಯೂ ನಿಲ್ಲಬಾರದು. ನಿಲ್ಲದಿದ್ದರೆ ಮಾತ್ರ ಶಹನಾಯಿಯ ಸ್ವರವೂ ಕಡಿಯದೆ ಹರಿಯುತ್ತದೆ. ದಂಟೂ ಅವರಿಗೆ ಕೊಳವಿ, ಶಹನಾಯಿಯೂ ಕೊಳವಿ.

ಹಿಂದಿನ ಮದುವೆಯ ಹಂಗಾಮಿನಲ್ಲಿ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ, ಫಕೀರಪ್ಪನಿಗೆ ಕೆಮ್ಮು ಒತ್ತಿ ಬಂದು ಶಹನಾಯಿ ನಿಂತುಹೋಗಿತ್ತು. ವಧುವಿನ ಅಜ್ಜಿ ಅಪಶಕುನವೆಂದು ಕಣ್ಣೀರು ಹಾಕಿದಳು. ಎಕ್ಸರೇ ನೋಡಿದ ಡಾಕ್ಟರು, "ಬೀಡಿ ಬೇಕೋ, ಶಹನಾಯಿ ಬೇಕೋ, ಒಂದನ್ನ ಇಟ್ಕೋರಿ" ಎಂದರು. ಶಹನಾಯಿ ಇಟ್ಟುಕೊಳ್ಳುವುದಕ್ಕೆಂದೇ ಅವನು ತಾಯತ ಕಟ್ಟಿಸಿಕೊಂಡದ್ದು. ಈಗ ತಾಯತದವರೇ ಶಹನಾಯಿ ಬಿಡು ಎನ್ನುತ್ತಿದ್ದಾರೆ!

"ಊದಿದ್ರ ಪುಪ್ಪುಸಕ್ಕ ತ್ರಾಸ ಆಗ್ತದೋ ಏನೋ," ಎಂದು ಹೆಂಡತಿ ಹುಲಿಗೆವ್ವನಿಗೆ ಹೇಳಿದ. "ಕಲತಾವ್ರು ಹೇಳ್ಯಾರ. ಕೇಳಬೇಕು." ಶಹನಾಯಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಅಂದು ಊಟವನ್ನೂ ಮಾಡದೆ ಮಲಗಿದ.

ಕೇಂದ್ರದಲ್ಲಿ ಮಾತ್ರ ಸಂಭ್ರಮ. ಫಕೀರಪ್ಪನ ಗೆರೆಯ ಮೇಲೆ ಮತ್ತೆ ಬೂದಿ ಬೀಳಲಿಲ್ಲ. ಹದಿನೈದು ದಿನ, ತಿಂಗಳು ದಾಟಿದರೂ ಬೀಳಲಿಲ್ಲ. ಚಿಲುಮೆಯವನನ್ನು ಒಂದೇ ಗದರಿಕೆಗೆ ದಾರಿಗೆ ತಂದೆನೆಂದು ಕಸ್ತೂರಿ ಧಾರವಾಡ ಪೇಢಾ ತಂದು ಎಲ್ಲರಿಗೂ ಹಂಚಿದಳು. ಪೇಢಾ ಕೈಯಲ್ಲಿ ಹಿಡಿದ ಫಿರ್ದೋಸ್ ಮೇಡಮ್ ಮಾತ್ರ ಅದನ್ನು ಬಾಯಿಗೆ ಹಾಕಲಿಲ್ಲ.

"ಬೂದಿ ಇಲ್ಲ, ಖರೆ. ಆದ್ರ ಈ ಅಲಿ ನೋಡು ಕಸ್ತೂರಿ. ದಿನದಿಂದ ದಿನಕ್ಕ ಎತ್ತರ ಆಗಾಕ ಹತ್ಯಾವ. ಬಿಟ್ಟವ್ರದು ಇಳೀಬೇಕು."

"ಚಿಲುಮಿ ಚಟ ಅಂದ್ರ ಹುಡುಗಾಟೇನ್ರಿ ಮೇಡಮ್? ನಾ ಅದೀನಲ್ಲ, ಇಳಸ್ತೀನಿ. ನೀವು ಪೇಢಾ ತಿನ್ರಿ."

ಇಳಿಸುವುದು ಬರಬರುತ್ತ ಕಷ್ಟವಾಯಿತು. ಕಸ್ತೂರಿ ದಿನಕ್ಕೆ ಎಷ್ಟೋ ಸಲ ಫೋನು ಮಾಡಿ ಪಲ್ಯ ಕೇಳಿದಳು, ಮಳೆ ಕೇಳಿದಳು, ಮದುವೆ ಅಡಿಗೆಯಲ್ಲಿ ಬುಂದೆ ಉದುರುದುರಾಗಲು ಏನು ಮಾಡಬೇಕೆಂದು ಕೇಳಿದಳು. "ನನಗೇನ್ ಗೊತ್ರಿ," ಎಂದ ಫಕೀರಪ್ಪ. ಕೆಲಸದ ಗುಟ್ಟು ಬಿಟ್ಟುಕೊಡದ ಜಿಪುಣ ಎಂದು ಅವಳು ಅದನ್ನೂ ತಿಳಿದುಕೊಂಡಳು.

ಒಂದು ಮಧ್ಯಾಹ್ನ ಕೇಂದ್ರಕ್ಕೇ ಒಂದು ಕರೆ ಬಂತು.

"ಬಾಯಾರ, ನಾ ಹುಲಿಗೆವ್ವ, ಫಕೀರಪ್ಪನ ಮನಿಯಾಕಿ. ನಿಮ್ಮ ಮಾತ ಕೇಳಿ ನಮ್ಮ ಮನಿಯವ್ರು ಹಾಳಾಗಾಕ ಹತ್ಯಾರ್ರಿ!"

"ಯಾಕ್ರಿ? ಬೀಡಿ ಬಿಟ್ಟಾರಲ್ಲ?"

"ಶಹನಾಯೀನೂ ಬಿಟ್ಟಾರಲ್ರಿ ಅದರ ಸಂಗಾಟ! ಕೊಳವಿ ಮನ್ಯಾಗ ಇಡಬ್ಯಾಡ ಅಂದ್ರಂತಲ್ಲ ನೀವು? ನನ್ನ ತಮ್ಮ ದುರಗಪ್ಪ ಗದಗದಿಂದ ಬಂದಾನ, ಶಹನಾಯಿ ಒಯ್ಯಾಕ. ಗಂಟು ಕಟ್ಟಾಕ ಹತ್ಯಾನ. ಇವ್ರು ಕಟ್ಟಿ ಮ್ಯಾಲ ಬೀಡಿ ಕಟ್ಟು ಹಿಡ್ಕೊಂಡು ಕುಂತಾರ. ಶಹನಾಯೀನ ಹೋದ ಮ್ಯಾಲ ಬೀಡಿ ಬಿಟ್ಟು ಏನ್ ಮಾಡ್ಲಿ ಅಂತಾರ!"

"ಶಹನಾಯಿ? ಯಾವ ಶಹನಾಯ್ರಿ? ಕಾಕಾ ಅಡಿಗಿ ಮಾಡ್ತಾರಲ್ಲ?"

"ಅಡಿಗಿ? ಅವ್ರಿಗೆ ಚಹಾ ಕಾಸಾಕ ಬರಂಗಿಲ್ರಿ!" ಹುಲಿಗೆವ್ವ ಬಿಡಿಸಿ ಹೇಳಿದಳು. "ದಮ್ಮು ಅಂದ್ರ ಉಸರು ಹಿಡಿಯೂ ಸಾಧನಾರಿ. ಶಹನಾಯಿಗೆ. ಅದನ್ನ ಬಿಡಸಿದ್ರಲ್ರಿ ನೀವು, ಅವ್ರ ಜೀವಾನ ಬಿಡಸಿದಂಗ ಆತು."

ಕಸ್ತೂರಿ ಕೂಗಿ ಹೇಳಿದ್ದನ್ನು ಕೇಳುತ್ತಲೇ ಫಿರ್ದೋಸ್ ಮೇಡಮ್ ಫಕೀರಪ್ಪನ ಮೊದಲ ಎರಡು ದಿನಗಳ ಗೆರೆಯನ್ನು ಪರದೆಗೆ ಎಳೆದರು. ನೋಡಿದರು. ಎದ್ದು ನಿಂತರು.

"ಯಾ ಅಲ್ಲಾ! ನನ್ನ ಕಣ್ಣಿಗೇನಾಗಿತ್ತು? ಸೇದಿದವ್ರ ಅಲಿ ತುಸು ಹೊತ್ತಿಗೆ ಮತ್ತ ಏಳ್ತದ, ಇನ್ನೊಂದು ಬೇಕು ಅಂತ. ಇವ್ರದು ನೋಡು ಕಸ್ತೂರಿ! ಬೂದಿ ಬಿದ್ದ ಮ್ಯಾಲ ಸಂಜಿತನಕ ಎದ್ದಿಲ್ಲ. ಸಪಾಟ! ಇದು ಹೊಗಿ ಅಲ್ಲ, ಉಸಿರು! ಮೂಗಿಲೆ ಎಳಕೊಂಡು ಕೆನ್ನಿಲೆ ತಳ್ಳೂದು ಯಂತ್ರಕ್ಕ ಬೀಡಿ ಸೇದಿದಂಗ ಕಂಡದ. ಅಲಿ ಎದ್ದ ಮ್ಯಾಲ ನಾವು ಫೋನ್ ಮಾಡಿ ಇಳಸ್ತೀವಿ. ಇವ್ರು ಅಲಿ ಏಳೂದನ್ನ ತಡದಾರ!"

ಅಷ್ಟರಲ್ಲಿ ಗೋಡೆಯ ಮೇಲೆ ಫಕೀರಪ್ಪನ ಇಂದಿನ ಗೆರೆ ಹಳದಿಯಾಯಿತು. ಅಲ್ಲಿ ನಿಲ್ಲಲಿಲ್ಲ. ಕಿತ್ತಳೆ ದಾಟಿ ಕೆಂಪಿಗೆ ಏರಿತು. ಅಷ್ಟು ಎತ್ತರದ ಅಲೆಯನ್ನು ಕೇಂದ್ರದಲ್ಲಿ ಯಾರೂ ಕಂಡಿರಲಿಲ್ಲ. ಎಚ್ಚರಿಕೆಯ ಗಂಟೆ ಮೊಳಗತೊಡಗಿತು.

"ದಮ್ಮು ಮಾಡ್ರಿ ಅಂತ ಈಗ ಹೇಳ್ಲೇನ್ರಿ ಮೇಡಮ್?"

"ಹೇಳಿದ್ರ ಯಂತ್ರ ಮೂರನೇ ಬೂದಿ ಬರೀತದ. ತಾಯತ ಆರ್ತದ. ಆಮ್ಯಾಲ ಅವ್ರ ಅಲಿ ನಮಗ ಕಾಣಂಗಿಲ್ಲ, ಮುಂಗರೆ ಹೋಗಂಗಿಲ್ಲ. ಆ ನಿಯಮ ತಗ್ಯಾಕ ನನಗೂ ಬರಂಗಿಲ್ಲ. ನಾನ ಹಂಗ ಕಟ್ಟೀನಿ." ಮೇಡಮ್ ತುಟಿ ಕಚ್ಚಿಕೊಂಡರು. "ಹೇಳದಿದ್ರ ಈಗ ಬೀಡಿ ಹಚ್ತಾರ."

ಕಸ್ತೂರಿ ಮೊದಲ ಸಲ ಪೂರ್ತಿ ಕೇಳಿ, ಪೂರ್ತಿ ಯೋಚಿಸಿದಳು. ಆಮೇಲೆ, "ತಾಯತ ಆರ್ಲಿ," ಎಂದು, ತಾನಾಗಿ ಹೋಗುತ್ತಿದ್ದ ಫೋನನ್ನು ಕಿವಿಗೆ ಹಿಡಿದಳು.

ಫಕೀರಪ್ಪ ಎತ್ತಿದ. ಹಿಂದೆ ದುರಗಪ್ಪ "ಬಸ್ಸು ತಪ್ಪತೈತಿ ಮಾವಾ" ಎನ್ನುತ್ತಿದ್ದುದು ಕೇಳಿಸಿತು.

"ಏನ್ ಪಲ್ಯ ಅಂತ ಕೇಳಬ್ಯಾಡ್ರಿ ಬಾಯಾರ. ಇವತ್ತ ನನಗ ತಲಿ ಸರಿ ಇಲ್ಲ."

"ಕೇಳಂಗಿಲ್ಲ ಕಾಕಾ. ದುರಗಪ್ಪನ್ನ ತಡೀರಿ. ಗಂಟು ಬಿಚ್ಚಸ್ರಿ. ದಮ್ಮು ಮಾಡ್ರಿ."

"ಒಮ್ಮೆ ಬಿಡು ಅಂತೀರಿ, ಒಮ್ಮೆ ಮಾಡು ಅಂತೀರಿ. ನಾ ಏನ್ ನಿಮ್ಮ ಕೈಯಾಗಿನ ಗೊಂಬೇನು?"

"ನಿಮ್ಮ ಮನಿ ಮಾತು ನನಗ ತಿಳೀಲಿಲ್ಲ ಕಾಕಾ. ದಮ್ಮು ಅಂದ್ರ ಚಿಲುಮಿ ಅಂತ ತಿಳ್ಕೊಂಡೆ. ನೀವು ಚಿಲುಮಿ ಸೇದ್ತೀರಿ, ಮಕ್ಕಳಿಗೂ ಸೇದಸ್ತೀರಿ ಅಂತ!"

ಆ ಕಡೆಯಿಂದ ಒಂದು ಗುಡುಗು.

"ಚಿಲುಮೀನ? ನಾನ? ಭಜಂತ್ರಿ ಮನಿತನದಾಗ ಚಿಲುಮಿ? ನಮ್ಮಪ್ಪ ಮ್ಯಾಲಿಂದ ಇದನ್ನ ಕೇಳಿದ್ರ ಇಳದ ಬರ್ತಾನ! ಚಿಲುಮಿ ಅಂದ್ರು ನೋಡ ಹುಲಿಗಿ, ಇವ್ರು ನನಗ ಚಿಲುಮಿ ಅಂದ್ರು!"

"ಬೈರಿ ಕಾಕಾ, ಎಷ್ಟ ಬೇಕಷ್ಟ ಬೈರಿ. ಆದ್ರ ಮೊದಲ ಊದ್ರಿ. ಊದಿದ್ರ ನಿಮ್ಮ ತಾಯತ ಆರ್ತದ, ನಾಳಿಂದ ನನ್ನ ಫೋನ್ ಬರಂಗಿಲ್ಲ. ಅದನ್ನೂ ಹೇಳಿಬಿಡ್ತೀನಿ. ಆದ್ರೂ ಊದ್ರಿ."

ಫಕೀರಪ್ಪ ಫೋನನ್ನು ಕಟ್ಟೆಯ ಮೇಲೆ ಇಟ್ಟ ಟಪ್ ಎನ್ನುವ ಸದ್ದು ಕೇಳಿತು. ಗೋಡೆಯ ಮೇಲೆ ಕೆಂಪು ಅಲೆ ತುದಿಗೆ ಹೋಗಿ ನಿಂತಿತ್ತು. ಬೇರೆ ಮೇಜುಗಳವರೂ ತಂತಮ್ಮ ಮಾತು ಮುಗಿಸಿ ಎದ್ದು ಬಂದು ಪರದೆಯ ಮುಂದೆ ಗುಂಪುಗೂಡಿದರು.

ಇದ್ದಕ್ಕಿದ್ದ ಹಾಗೆ ಅಲೆ ಮುರಿಯಿತು. ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು. ಅದರ ಮೇಲೆ ಕಪ್ಪು ಮಚ್ಚೆ ಬಿತ್ತು. ಮೂರನೆಯ ಬೂದಿ. ಮರುಗಳಿಗೆಗೆ ಗೆರೆಯೇ ಮಾಯವಾಗಿ, ಅದರ ಜಾಗದಲ್ಲಿ ಸರದಿಯ ಮುಂದಿನವನ ಹೆಸರು ಮೂಡಿತು.

ಬೀಡಿ ಸೇದಿದರೂ ಗೆರೆ ಹೀಗೇ ಇಳಿಯುತ್ತದೆ, ಹೀಗೇ ಕಪ್ಪಾಗುತ್ತದೆ. ಅವನ ಕೈಯಲ್ಲಿ ಬೀಡಿಯ ಕಟ್ಟು ಇತ್ತು. ಯಂತ್ರಕ್ಕೆ ಎರಡೂ ಒಂದೇ, ಈಗ ಯಂತ್ರವೂ ಇಲ್ಲ. ಇಷ್ಟು ದೊಡ್ಡ ಕೇಂದ್ರದಲ್ಲಿ ಉಳಿದದ್ದು ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಫೋನು ಮತ್ತು ಈ ತುದಿಯಲ್ಲಿ ಕಸ್ತೂರಿಯ ಕಿವಿ. ಅವಳು ಅದನ್ನು ಎಲ್ಲರಿಗೂ ಕೇಳುವಂತೆ ಜೋರು ಮಾಡಿದಳು.

ಗುಳುಗುಳು ಗುಳುಗುಳು.

"ಹುಕ್ಕಾ!" ಎಂದು ಫಿರ್ದೋಸ್ ಮೇಡಮ್ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಲ್ರಿ," ಎಂದಳು ಕಸ್ತೂರಿ, ಕಣ್ಣು ಮುಚ್ಚಿ ಕೇಳುತ್ತ. "ಹುಕ್ಕಾ ಆದ್ರ ನಡುನಡುವ ನಿಲ್ಲಬೇಕು. ಇದು ನಿಲ್ಲವಲ್ದು."

ನಿಜ, ಗುಳ್ಳೆ ನಿಲ್ಲುತ್ತಲೇ ಇರಲಿಲ್ಲ. ಒಂದು ಕೆಮ್ಮು ನುಗ್ಗಿ ಬಂತು. ಆದರೆ ಕೆಮ್ಮಿನ ಹಿಂದೆಯೇ ಗುಳ್ಳೆಗಳು ಮತ್ತೆ ಎದ್ದವು, ಮೊದಲಿಗಿಂತ ದಪ್ಪವಾಗಿ. ಬಹಳ ಹೊತ್ತಿನ ಮೇಲೆ ನೀರಿನ ಸದ್ದು ಅಡಗಿತು. ಗಂಟು ಬಿಚ್ಚುವ ಸದ್ದು. ದುರಗಪ್ಪ ಏನೋ ಗೊಣಗಿದ. ಆಮೇಲೆ, ಆ ಸಣ್ಣ ಫೋನಿನೊಳಗಿಂದ, ಶಹನಾಯಿ!

ಮೊದಮೊದಲು ತಡವರಿಸಿತು. ತಿಂಗಳಿಂದ ಅಟ್ಟದ ಮೇಲೆ ಇದ್ದ ವಾದ್ಯ, ತಿಂಗಳಿಂದ ಮುನಿಸಿಕೊಂಡಿದ್ದ ಮನುಷ್ಯ. ಇಬ್ಬರೂ ಒಬ್ಬರನ್ನೊಬ್ಬರು ವಿಚಾರಿಸಿಕೊಂಡ ಮೇಲೆ ಸ್ವರ ನೆಟ್ಟಗಾಯಿತು, ಏರಿತು, ಇಡೀ ಕೋಣೆಯನ್ನು ತುಂಬಿತು. ಫಿರ್ದೋಸ್ ಮೇಡಮ್ ಅಳುತ್ತಿದ್ದರು, ನಗುತ್ತಲೂ ಇದ್ದರು. "ಇದನ್ನ ಎಲ್ಲಾರಿಗೂ ಕಲಸಬಹುದು ಕಸ್ತೂರಿ! ತಾಯತ ಇಲ್ದವ್ರಿಗೂ! ಒಂದು ದಂಟು, ಒಂದು ತಂಬಿಗಿ ನೀರು! ಕೇಳು, ಅವ್ರನ್ನ ಕೇಳು, ಹೆಂಗ ಮಾಡ್ತಾರ ಕೇಳು!"

ಕಸ್ತೂರಿಗೆ ಕೇಳಬೇಕಾಗಿದ್ದದ್ದು ಬೇರೆ. ಫೋನಿನಲ್ಲಿ ಬಳೆಗಳ ಸದ್ದಾಯಿತು. ಹುಲಿಗೆವ್ವ ಅದನ್ನು ಎತ್ತಿಕೊಂಡಿದ್ದಳು.

"ಹುಲಿಗೆವ್ವ, ಖರೆ ಹೇಳ್ರಿ. ಕಾಕಾ ಬೀಡಿ ಹಚ್ಚಿದ್ರೇನು?"

"ಯಾವ ಕೈಯಾಗ ಹಚ್ಚಬೇಕ್ರಿ?" ಹುಲಿಗೆವ್ವ ನಕ್ಕಳು. "ಎರಡೂ ಕೈ ತುಂಬ್ಯಾವ, ಬಾಯೀನೂ ತುಂಬೇತಿ."

"ಇಲ್ಲಿ ಎಲ್ಲಾರೂ ಕೇಳಾಕ ಹತ್ತೀವ್ರಿ. ಭಾಳ ಮಂದಿ ಅದೀವಿ. ನಾಳೆ ನಾನ ನಿಮ್ಮ ಮನಿಗೆ ಬರ್ತೀನಿ. ಕಾಕಾಗ ಇನ್ನೊಂದು ಮಾತು ಹೇಳ್ರಿ—"

"ಬರ್ರಿ ಬರ್ರಿ, ನಾಳೆ ಬರ್ರಿ. ಈಗ ಫೋನ್ ಇಡ್ರಿ ಬಾಯಾರ," ಎಂದಳು ಹುಲಿಗೆವ್ವ. "ತಿಂಗಳಾತು ನಾ ಇದನ್ನ ಕೇಳಿ. ನನಗ ಕೇಳಾಕ ಬಿಡ್ರಿ."

ಕಸ್ತೂರಿ ಫೋನು ಇಟ್ಟಳು.